ಮೇಷ್ಟ್ರ ಸಂಬಳ, ಸಾಹುಕಾರರ ರಾಗಿ

ತಿಪಟೂರು ಕಡೆಯ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ನನ್ನ ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ನಮ್ಮೂರಿನ ದೊಡ್ಡ ಗುತ್ತಿಗೆದಾರರೊಬ್ಬರು ಲಕ್ಷಗಟ್ಟಲೆ ದುಡ್ಡನ್ನು ಕೃಷಿ ಆದಾಯ ಅಂತ ತೋರಿಸಿ ಆರಾಮಾಗಿದ್ದಾರೆ. ಇವರನ್ನು ಕೇಳೋರೇ ಇಲ್ವಾ?’

ಮೇಷ್ಟ್ರೇ, ಕೇಳಬೇಕಾದವರು ಇದ್ದಾರೆ. ಕೇಳುತ್ತಿಲ್ಲ, ಅಷ್ಟೇ.

ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ಕೇಂದ್ರ ಅದನ್ನು ಮುಟ್ಟುವಂತಿಲ್ಲ. ಆದರೆ ಒಬ್ಬರು ತೋರಿಸಿದ ದುಡ್ಡು ನಿಜವಾಗಿ ಹೊಲದಿಂದ ಬಂತಾ ಅಂತ ನೋಡುವುದು ಆದಾಯ ತೆರಿಗೆ ಇಲಾಖೆಯ ಕೆಲಸವೇ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2019ರ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಆಡಿಟ್‌ನವರು ತೆಗೆದು ನೋಡಿದ 6,778 ಪ್ರಕರಣಗಳಲ್ಲಿ 1,527ಕ್ಕೆ, ಅಂದರೆ ಶೇ. 22.5ರಷ್ಟಕ್ಕೆ, ದಾಖಲೆಗಳನ್ನು ಸರಿಯಾಗಿ ನೋಡದೆಯೇ ವಿನಾಯಿತಿ ಕೊಟ್ಟಿದ್ದರು. ಅವು ಪರಿಶೀಲನೆಗೆ ಅಂತಲೇ ಆರಿಸಿಕೊಂಡ ಫೈಲುಗಳು! ಉಳಿದವುಗಳ ಗತಿ ನೀವೇ ಊಹಿಸಿ.

ನೋಡುವುದು ಕಷ್ಟದ ಕೆಲಸವೂ ಅಲ್ಲ. ಒಬ್ಬರ ಹೆಸರಲ್ಲಿ ನಾಲ್ಕು ಎಕರೆ ಖುಷ್ಕಿ ಇದೆ, ಪಹಣಿಯ 12ನೇ ಕಾಲಂನಲ್ಲಿ ರಾಗಿ ಅಂತಿದೆ ಅಂದುಕೊಳ್ಳಿ. ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಒಳ್ಳೆ ಬೆಳೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಖರ್ಚು ಕಳೆಯದೆ ಲೆಕ್ಕ ಹಾಕಿದರೂ 1,71,600 ರೂಪಾಯಿ ದಾಟಲ್ಲ. ಅಷ್ಟೇ ಜಮೀನಿಗೆ ಐವತ್ತು ಲಕ್ಷ ತೋರಿಸಿದರೆ ಎಪಿಎಂಸಿ ಚೀಟಿ, ಮಾರಾಟದ ಬಿಲ್ಲು ತನ್ನಿ ಅನ್ನಬೇಕಲ್ವಾ? ಪಹಣಿ ಕಂಪ್ಯೂಟರಿನಲ್ಲೇ ಸಿಗುತ್ತದೆ. ಬೆಳೆ ಸಮೀಕ್ಷೆಯ ಫೋಟೋಗಳೂ ಸರ್ಕಾರದ ಹತ್ತಿರವೇ ಇವೆ.

ಈ ಮಾತು ಎತ್ತಿದರೆ ಸಾಕು, ‘ರೈತರ ಮೇಲೆ ತೆರಿಗೆಯಾ?’ ಎಂಬ ಕೂಗು ಏಳುತ್ತದೆ. ನಮ್ಮ ಕಡೆಯ ಬಹುಪಾಲು ರೈತರ ಆದಾಯ ತೆರಿಗೆಯ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಅವರ ಹೆಸರು ಹೇಳಿಕೊಂಡು ಬಚಾವಾಗುವವರು ಬೇರೆಯೇ ಜನ. ದೊಡ್ಡ ಹಿಡುವಳಿಗಳಿಗೆ ತೆರಿಗೆ ಹಾಕಿ ಎಂದು ಕೇಂದ್ರ ಸರ್ಕಾರ ನೇಮಿಸಿದ್ದ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಸಮಿತಿ 1972ರಲ್ಲೇ ಹೇಳಿತ್ತು. ಅದನ್ನು ಜಾರಿಗೆ ತರುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ.

ನೀವು ಹೇಳಿದ ಗುತ್ತಿಗೆದಾರರು ತಪ್ಪು ಮಾಡಿದ್ದಾರೆ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಅವರಿಗೆ ನಿಜವಾಗಿಯೂ ತೋಟದ ಆದಾಯ ಇರಬಹುದು. ಅದನ್ನು ತೋರಿಸಲಿ. ನಿಮ್ಮ ಹತ್ತಿರ ಗಟ್ಟಿ ಮಾಹಿತಿ ಇದ್ದರೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತೆರಿಗೆ ವಂಚನೆಯ ದೂರು ಕೊಡಬಹುದು. 2021ರಿಂದ ಈ ಸೌಲಭ್ಯ ಇದೆ. ದೂರಿಗೆ ಒಂದು ನಂಬರ್ ಕೊಡುತ್ತಾರೆ. ಅದನ್ನು ಇಟ್ಟುಕೊಂಡು ಏನಾಯ್ತು ಅಂತ ಬಿಡದೆ ವಿಚಾರಿಸಿ. ಉತ್ತರ ಬರದಿದ್ದರೆ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ