ಹಣ ನಿಮ್ಮದಾದರೆ ಪ್ರಕಾಶಕರೂ ನೀವೇ ಆಗಿ

(ರಾಣೆಬೆನ್ನೂರು ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರದ ಸಾರಾಂಶ: ‘ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕುರಿತು 320 ಪುಟಗಳ ಕಾದಂಬರಿ ಬರೆದಿದ್ದೇನೆ. ಮೂವರು ಪ್ರಕಾಶಕರಿಗೆ ಕಳಿಸಿದೆ. ಇಬ್ಬರಿಂದ ಉತ್ತರವೇ ಇಲ್ಲ. ಮೂರನೆಯವರು 85,000 ರೂಪಾಯಿ ಕೊಟ್ಟರೆ 500 ಪ್ರತಿ ಅಚ್ಚು ಹಾಕಿಸಿ, 100 ಪ್ರತಿ ನನಗೆ ಕೊಡುತ್ತಾರಂತೆ. ಬೆಲೆ 350 ರೂಪಾಯಿ. ಹಕ್ಕುಗಳೆಲ್ಲ ಶಾಶ್ವತವಾಗಿ ಅವರದು. ನನಗೀಗ 33 ವರ್ಷ. ಯುವ ಪುರಸ್ಕಾರದ ವಯಸ್ಸು ಮೀರುವುದರೊಳಗೆ ಪುಸ್ತಕ ಬರಬೇಕು. ಒಪ್ಪಿಕೊಳ್ಳಲೇ? ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರೆ ಪ್ರಚಾರ ಸಿಗುತ್ತದೆಯೇ? ನೀವು ಮುನ್ನುಡಿ ಬರೆದುಕೊಡುವಿರಾ?’ ಪತ್ರದ ಜೊತೆ ಮೊದಲ ಅಧ್ಯಾಯವೂ ಆ ಪ್ರಕಾಶಕರ ಖರ್ಚಿನ ಪಟ್ಟಿ, ಕರಾರುಗಳೂ ಇವೆ. ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ.)

ಆತ್ಮೀಯರೇ,

ಒಪ್ಪಿಕೊಳ್ಳಬೇಡಿ. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನೀವು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ನಿಮಗೆ ಕೊಟ್ಟ ನೂರು ಪ್ರತಿ ಹೋಗಿ ಅವರಲ್ಲಿ ಉಳಿಯುವುದು ನಾನೂರು. ಮುಖಬೆಲೆಯಲ್ಲಿ ಅದು 1,40,000 ರೂಪಾಯಿ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟುಕೊಟ್ಟರೂ 84,000 ಅವರ ಕೈಸೇರುತ್ತದೆ. ಅಚ್ಚಿನ ಖರ್ಚು ನಿಮ್ಮದು, ಮಾರಾಟದ ಹಣ ಅವರದು, ನಿಮ್ಮ ರಾಯಧನದ ಮಾತೇ ಇಲ್ಲ. ಒಂದು ಪ್ರತಿಯೂ ಮಾರಾಟವಾಗದಿದ್ದರೆ ಅವರಿಗೆ ನಷ್ಟವಿಲ್ಲ. ಹಾಗಾಗಿ ಮಾರುವ ಆತುರವೂ ಅವರಿಗಿರುವುದಿಲ್ಲ. ಪ್ರಕಾಶಕ ಎಂದರೆ ಪುಸ್ತಕದ ಮೇಲೆ ತನ್ನ ದುಡ್ಡು ಹೂಡಿ ನಷ್ಟಕ್ಕೂ ತಲೆಕೊಡುವವನು. ನಿಮ್ಮ ದುಡ್ಡಿನಲ್ಲಿ ಅಚ್ಚು ಹಾಕಿಸಿಕೊಡುವವರು ಮುದ್ರಣದ ಗುತ್ತಿಗೆದಾರರು. ಅದೂ ಮರ್ಯಾದೆಯ ವ್ಯಾಪಾರವೇ, ಆದರೆ ಗುತ್ತಿಗೆದಾರರಿಗೆ ಯಾರೂ ಮನೆಯನ್ನೇ ಬರೆದುಕೊಡುವುದಿಲ್ಲ.

ಅವರು ಕಳಿಸಿದ ಖರ್ಚಿನ ಪಟ್ಟಿಯಲ್ಲಿ ‘ಐಎಸ್‌ಬಿಎನ್ ಶುಲ್ಕ 5,000’ ಎಂದಿದೆಯಲ್ಲ, ಅದನ್ನು ಕಂಡು ನಕ್ಕೆ. ಐಎಸ್‌ಬಿಎನ್ ಎಂದರೆ ಪುಸ್ತಕವನ್ನು ಗುರುತಿಸಲು ಕೊಡುವ ಅಂತರರಾಷ್ಟ್ರೀಯ ಸಂಖ್ಯೆ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಐಎಸ್‌ಬಿಎನ್ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಇನ್ನು ಹಕ್ಕಿನ ವಿಷಯ. ಕಾದಂಬರಿ ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು, ಅದಕ್ಕೆ ಯಾವ ನೋಂದಣಿಯೂ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿ, ಆ ಮೇಲೆ 60 ವರ್ಷ ಅದು ನಿಮ್ಮ ಮನೆಯವರ ಆಸ್ತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿ ನಮೂದಾಗಿರದಿದ್ದರೆ ಐದು ವರ್ಷ ಎಂದೇ ಅರ್ಥ. ನಿಮಗೆ ಬಂದ ಕರಾರಿನಲ್ಲಿ ‘ಶಾಶ್ವತವಾಗಿ’ ಎಂದು ತುಂಬಿರುವುದು ಅದಕ್ಕೇ. ನಾಳೆ ಯಾರಾದರೂ ಇಂಗ್ಲಿಷಿಗೆ ಅನುವಾದಿಸಲು ಕೇಳಿದರೆ, ಆಡಿಯೋ ಪುಸ್ತಕ ಮಾಡಬೇಕೆಂದರೆ, ಸಿನಿಮಾದವರು ಬಂದರೆ ನೀವು ಈ ಮಹನೀಯರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಕನ್ನಡದ ಸಣ್ಣ ಕಥೆಗಳು ಅನುವಾದಗೊಂಡು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಇದನ್ನು ಹಗಲುಗನಸು ಎನ್ನುವಂತಿಲ್ಲ. ಯಾರೊಂದಿಗೆ ಕರಾರು ಮಾಡಿಕೊಂಡರೂ ಕನ್ನಡದ ಮುದ್ರಿತ ಆವೃತ್ತಿಗೆ, ಇಂತಿಷ್ಟು ವರ್ಷಕ್ಕೆ ಎಂದು ಬರೆಸಿ. ಉಳಿದದ್ದು ನಿಮ್ಮಲ್ಲೇ ಇರಲಿ.

ಸ್ವಂತ ದುಡ್ಡಿನಲ್ಲಿ ಪುಸ್ತಕ ತಂದರೆ ಜನ ಹಗುರವಾಗಿ ಕಾಣುತ್ತಾರೆ ಎಂಬ ಅಳುಕು ನಿಮ್ಮ ಪತ್ರದಲ್ಲಿ ಇಣುಕುತ್ತಿದೆ. ನಿಮ್ಮದೇ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟಿದ್ದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ನಿಂತಿದ್ದು ಮೊದಲೇ ಹಣ ಕೊಟ್ಟು ಪುಸ್ತಕಕ್ಕೆ ಕಾಯುವ ಚಂದಾದಾರರ ಬಲದ ಮೇಲೆ. ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಲೇಖಕ ತಾನೇ ಪ್ರಕಾಶಕನಾಗುವುದು ನಾಚಿಕೆಯ ಸಂಗತಿ ಆಗಿದ್ದೇ ಇಲ್ಲ.

ಆದರೆ ನಾಳೆಯೇ ಡಿಟಿಪಿಯವರ ಬಳಿಗೆ ಓಡಬೇಡಿ. ನಿಮ್ಮ ಮೊದಲ ಅಧ್ಯಾಯ ಓದಿದೆ. ಹತ್ತು ಪುಟ ಊರಿನ ಇತಿಹಾಸ, ಕೆರೆ ಕಟ್ಟಿಸಿದ ದೇಸಾಯಿ, ಊರಿಗೆ ಬೀಜದ ಕಂಪನಿಗಳು ಬಂದ ಬಗೆ. ಎಲ್ಲವೂ ಸರಿ, ಯಾವುದೂ ಕಾದಂಬರಿಯಲ್ಲ. ಹನ್ನೊಂದನೆಯ ಪುಟಕ್ಕೆ ಬಂದಾಗ ನೆಟ್ಟಗೆ ಕುಳಿತೆ. ನೆರಳುಪರದೆಯೊಳಗೆ ಹುಡುಗಿಯೊಬ್ಬಳು ಕ್ರಾಸಿಂಗ್ ಕೆಲಸದಲ್ಲಿದ್ದಾಳೆ, ಅಂದರೆ ಮಿಶ್ರತಳಿ ಬೀಜಕ್ಕಾಗಿ ಹೂಗಳಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ. ಹಿಂದಿನ ಸಂಜೆ ಅರಳುವ ಮುನ್ನವೇ ಚಿಮಟಿಯಿಂದ ಕೇಸರ ಕಿತ್ತಿಟ್ಟ ಟೊಮೆಟೊ ಹೂಗಳಿಗೆ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಮುಟ್ಟಿಸಿದ ಗುರುತಿಗೆ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಆ ದಿನ ಅವಳ ಪರಾಗ ಮುಗಿದಿದೆ, ಲೆಕ್ಕ ತುಂಬಿಲ್ಲ. ಅವಳು ಪರಾಗ ಮುಟ್ಟಿಸದ ಹೂಗಳ ಎಸಳನ್ನೂ ಕತ್ತರಿಸುತ್ತ ಹೋಗುತ್ತಾಳೆ. ಮೇಸ್ತ್ರಿ ನೋಡಿಯೂ ಸುಮ್ಮನಿರುತ್ತಾನೆ. ಯಾಕೆ ಸುಮ್ಮನಿದ್ದ? ಅದನ್ನು ತಿಳಿಯುವುದಕ್ಕೆ ನಾನು ಮುಂದಿನ ಮುನ್ನೂರು ಪುಟ ಓದಲು ಸಿದ್ಧ. ಮೊದಲ ಹತ್ತು ಪುಟ ತೆಗೆದುಹಾಕಿ. ದೇಸಾಯಿ ಬೇಕೇ ಬೇಕೆಂದಾದರೆ ಮುಂದೆಲ್ಲಾದರೂ ಯಾರ ಬಾಯಲ್ಲಾದರೂ ಬರಲಿ. ಉತ್ತರ ಬರೆಯದ ಆ ಇಬ್ಬರು ಪ್ರಕಾಶಕರು ಹನ್ನೊಂದನೆಯ ಪುಟದವರೆಗೆ ಬಂದಿರಲಾರರು ಎಂಬುದು ನನ್ನ ಗುಮಾನಿ. ತಿದ್ದಿದ ಮೇಲೆ ಅವರಿಗೇ ಮತ್ತೆ ಕಳಿಸಿ, ಇನ್ನೂ ನಾಲ್ವರಿಗೂ ಕಳಿಸಿ.

ವಯಸ್ಸಿನ ಗಡಿಬಿಡಿ ಬಿಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ದಾಟದವರಿಗೆ, ನಿಜ. ಆದರೆ ಭಾಷೆಗೆ ವರ್ಷಕ್ಕೊಂದು ಸಿಗುವ ಬಹುಮಾನಕ್ಕಾಗಿ ಹಸಿ ಪುಸ್ತಕ ಅಚ್ಚು ಹಾಕಿಸುವುದು ಯಾವ ಜಾಣತನ? ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ‘ಇಂದಿರಾಬಾಯಿ’ 1899ರಲ್ಲಿ ಬಂದಾಗ ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರಿಗೆ ಐವತ್ತು ದಾಟಿತ್ತು. ನಿಮ್ಮ ವಯಸ್ಸು ನಿಜವಾಗಿ ಉಪಯೋಗಕ್ಕೆ ಬರುವುದು ಬೇರೆ ಕಡೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಕಣ್ಣಿಟ್ಟಿರಿ.

ಎಲ್ಲೂ ಕೈಗೂಡದೆ ನೀವೇ ಅಚ್ಚು ಹಾಕಿಸುವ ದಿನ ಬಂದರೆ 500 ಬೇಡ, 200 ಸಾಕು. ಈಗಿನ ಡಿಜಿಟಲ್ ಮುದ್ರಣದಲ್ಲಿ ಬೇಡಿಕೆ ಕಂಡು ಮತ್ತೆ ಹಾಕಿಸಬಹುದು. ನೀವು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೀರಿ. ಅದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ. ಕಡೆಯ ಪ್ರೂಫನ್ನು ಕಾಗದದ ಮೇಲೆ ತೆಗೆಸಿ, ನಿಮ್ಮನ್ನು ಬಿಟ್ಟು ಬೇರೊಬ್ಬರಿಂದ ಓದಿಸಿ. ಬರೆದವರ ಕಣ್ಣು ತಪ್ಪಿನ ಮೇಲೆ ಜಾರಿಹೋಗುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ. ಆದರೆ ಆಯ್ಕೆಯಾಗಿ ಹಣ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಕಳೆಯಬಹುದು. ಅದನ್ನು ನಂಬಿ ಸಾಲ ಮಾಡಬೇಡಿ.

ಬೆಂಗಳೂರಿನ ಬಿಡುಗಡೆ? ಸಭಾಂಗಣದ ಬಾಡಿಗೆ, ಫ್ಲೆಕ್ಸು, ಶಾಲು, ಹಣ್ಣಿನ ಬುಟ್ಟಿ, ಅತಿಥಿಗಳ ಕಾರು, ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತು. ಇಷ್ಟಾದರೂ ಪುಸ್ತಕವನ್ನು ಓದಿ ಬಂದವರು ವೇದಿಕೆಯ ಮೇಲೂ ಇರುವುದು ಅಪರೂಪ. ನಿಮ್ಮ ಓದುಗರು ರಾಣೆಬೆನ್ನೂರಿನ ಸುತ್ತಲೇ ಇದ್ದಾರೆ. ಕ್ರಾಸಿಂಗ್ ಕೆಲಸಕ್ಕೆ ಹೋಗಿ ಬಂದವರ ಮಕ್ಕಳು ಇಂದು ಕಾಲೇಜುಗಳಲ್ಲಿದ್ದಾರೆ. ಅಲ್ಲಿನ ಕನ್ನಡ ಅಧ್ಯಾಪಕರನ್ನು ಕೇಳಿಕೊಂಡು ಆ ಹನ್ನೊಂದನೆಯ ಪುಟವನ್ನು ನೀವೇ ಓದಿ. ಅದಕ್ಕೂ ಮುಂಚೆ ಒಂದು ಅಧ್ಯಾಯವನ್ನು ಕಥೆಯಾಗಿ ನಿಲ್ಲುವಂತೆ ತಿದ್ದಿ ಯಾವುದಾದರೂ ಪತ್ರಿಕೆಗೆ ಕಳಿಸಿ. ಅಚ್ಚಿಗೆ ಕೊಡುವ ಮುನ್ನ ವಾಟ್ಸ್‌ಆ್ಯಪ್‌ನಲ್ಲಿ ರಿಯಾಯಿತಿ ಬೆಲೆಗೆ ಮುಂಗಡ ಬೇಡಿಕೆ ಪಡೆಯಿರಿ. ನೂರು ಜನ ಹಣ ಕಳಿಸಿದರೆ ಮುದ್ರಣದ ಭಾರ ಅರ್ಧ ಇಳಿಯುತ್ತದೆ. ಅವರಿಗೆ ಕಳಿಸುವುದಕ್ಕೆ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಶುರುಮಾಡಿದ ‘ಜ್ಞಾನ ಪೋಸ್ಟ್’ ಇದೆ. ಪುಸ್ತಕಗಳಿಗೆಂದೇ ಬಂದ ಇದರ ದರ ಶುರುವಿನಲ್ಲಿ 20 ರೂಪಾಯಿಯಿಂದ ಆರಂಭವಾಗಿತ್ತು. ನಿಮ್ಮ ಕಾದಂಬರಿಗೆ ಅನ್ವಯಿಸುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಗೌರವ ಪ್ರತಿ ಹಂಚುವ ಚಪಲಕ್ಕೆ ಮಾತ್ರ ಬೀಳಬೇಡಿ. ನೆಂಟರಿಂದಲೂ ದುಡ್ಡು ತೆಗೆದುಕೊಳ್ಳಿ.

ಮುನ್ನುಡಿ ಬರೆದುಕೊಡಲಾರೆ. ನಾನು ಮುನ್ನುಡಿ ಬರೆದ ಪುಸ್ತಕವನ್ನು ಈ ಪತ್ರಿಕೆಯಲ್ಲಿ ವಿಮರ್ಶೆಗೆ ತೆಗೆದುಕೊಳ್ಳುವಂತಿಲ್ಲ. ಮೊದಲ ಕಾದಂಬರಿಗೆ ನನ್ನ ಎರಡು ಪುಟದ ಹೊಗಳಿಕೆಗಿಂತ ಗುರುತಿಲ್ಲದ ಒಬ್ಬರು ಬರೆಯುವ ವಿಮರ್ಶೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಪುಸ್ತಕ ಬಂದಾಗ ಕಚೇರಿಯ ವಿಳಾಸಕ್ಕೆ ಎರಡು ಪ್ರತಿ ಕಳಿಸಿ. ಯಾರಿಗೆ ಓದಲು ಕೊಟ್ಟೆವು ಎಂದು ಮಾತ್ರ ಫೋನ್ ಮಾಡಿ ಕೇಳಬೇಡಿ.

– ಸಂಪಾದಕ