ಓಶಿಮಾಗೆ ಹೋಟೆಲ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಸರ್, ಟೋಕಿಯೊದಿಂದ ಶನಿವಾರ-ಭಾನುವಾರದಲ್ಲಿ ಇಬ್ಬರು ಹೋಗಿ ಬರುವಂಥ ಜ್ವಾಲಾಮುಖಿ ದ್ವೀಪ ಬೇಕು, ಖರ್ಚು ಕೈಮೀರಬಾರದು, ಇಜು ಓಶಿಮಾಗೆ ಹೋದರೆ ಹೋಟೆಲ್ಲು, ಬಾಡಿಗೆ ಕಾರು ಎರಡೂ ಬೇಕಾ ಅಂತ ಕೇಳಿದ್ದೀರಿ. ಓಶಿಮಾ ಒಳ್ಳೆಯ ಆಯ್ಕೆ. ಹೋಟೆಲ್ಲೂ ಬೇಡ, ಕಾರೂ ಬೇಡ. ನಾನು ಮೂರು ಸಲ ಹೋಗಿ ಬಂದವನು. ಮೊದಲ ಸಲ ಎರಡಕ್ಕೂ ದುಡ್ಡು ಸುರಿದೆ, ಆಮೇಲೆ ಬುದ್ಧಿ ಬಂತು.

ದುಡ್ಡು ಉಳಿಯುವುದು ಹಡಗಿನಲ್ಲಿ. ಶುಕ್ರವಾರ ಆಫೀಸು ಮುಗಿಸಿ ಸೀದಾ ಹಮಾಮಾತ್ಸುಚೊ ಸ್ಟೇಷನ್‌ನಲ್ಲಿ ಇಳಿದು ತಕೇಶಿಬಾ ಬಂದರಿಗೆ ನಡೆಯಿರಿ, ಹತ್ತು ನಿಮಿಷ ಕೂಡ ಬೇಕಿಲ್ಲ. ಟೋಕೈ ಕಿಸೆನ್ ಅನ್ನುವ ಕಂಪನಿಯ ದೊಡ್ಡ ಹಡಗು ರಾತ್ರಿ 10 ಅಥವಾ 11ಕ್ಕೆ ಹೊರಡುತ್ತದೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಳಗಿನ ಜಾವ 5 ಅಥವಾ 6ಕ್ಕೆ ಓಶಿಮಾ. ದೂರ ಬರೀ 120 ಕಿಲೋಮೀಟರ್. ನೀವು ಒಂದು ನಿದ್ದೆ ಮುಗಿಸಲಿ ಅಂತಲೇ ನಿಧಾನ ಹೋಗುತ್ತದೇನೋ ಅನ್ನಿಸುತ್ತದೆ. ಆ ಟಿಕೆಟ್ಟೇ ನಿಮ್ಮ ಶುಕ್ರವಾರ ರಾತ್ರಿಯ ರೂಮು.

ಎರಡನೇ ದರ್ಜೆಯಲ್ಲಿ ಕಾರ್ಪೆಟ್ ಹಾಸಿದ ಹಾಲ್ ತಗೊಳ್ಳಿ, ಕುರ್ಚಿ ಸೀಟು ಬೇಡ. ನೆಲದ ಮೇಲೆ ಒಬ್ಬೊಬ್ಬರಿಗೂ ನಂಬರ್ ಹಾಕಿದ ಜಾಗ, ಕಾಲು ನೀಡಿ ಮಲಗಬಹುದು. ಕಂಬಳಿಗೆ ಬಾಡಿಗೆ ಕೊಡಬೇಕು, ನಾನು ತೆಳ್ಳನೆಯ ಸ್ಲೀಪಿಂಗ್ ಬ್ಯಾಗ್ ಒಯ್ಯುತ್ತೇನೆ. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ ಇರಲಿ, ಪಕ್ಕದವರ ಗೊರಕೆಗೆ ಯಾರೂ ಜವಾಬ್ದಾರರಲ್ಲ. ಹತ್ತಿದ ತಕ್ಷಣ ಮಲಗಬೇಡಿ. ಬಿಟ್ಟ ಸ್ವಲ್ಪ ಹೊತ್ತಿಗೇ ಹಡಗು ರೇನ್‌ಬೋ ಬ್ರಿಜ್ ಕೆಳಗೆ ಹಾಯುತ್ತದೆ. ಡೆಕ್ ಮೇಲೆ ನಿಂತರೆ ಸೇತುವೆ ತಲೆಗೆ ತಗುಲಿಯೇಬಿಟ್ಟಿತು ಅನ್ನಿಸುವಷ್ಟು ಹತ್ತಿರ. ಇನ್ನೊಂದು ವಿಷಯ, ಈ ಹಡಗು ಓಶಿಮಾದಲ್ಲಿ ನಿಂತು ತೊಶಿಮಾ, ನೀಜಿಮಾ ಕಡೆಗೆ ಮುಂದೆ ಹೋಗುತ್ತದೆ. ಅಲಾರಂ ಇಟ್ಟುಕೊಂಡೇ ಮಲಗಿ.

ಈಗ ನಾನು ಮೋಸಹೋದ ಜಾಗ. ದ್ವೀಪಕ್ಕೆ ಎರಡು ಬಂದರು, ಪಶ್ಚಿಮಕ್ಕೆ ಮೊತೊಮಾಚಿ, ಉತ್ತರಕ್ಕೆ ಒಕಾತಾ. ಹಡಗು ಎಲ್ಲಿ ಕಟ್ಟುತ್ತದೆ ಅನ್ನುವುದು ಆ ದಿನದ ಗಾಳಿ, ಅಲೆ ನೋಡಿಯೇ ತೀರ್ಮಾನ. ಎರಡನೇ ಸಲ ಮೊತೊಮಾಚಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದೆ. ಸುತ್ತ ನೋಡಿದರೆ ಚೀಲ ಹಿಡಿದವರು ಯಾರೂ ಇಲ್ಲ, ಬಾಗಿಲ ಮೇಲೆ ‘ಇವತ್ತು ಒಕಾತಾ’ ಅಂತ ಬೋರ್ಡ್. ಬೆಳಿಗ್ಗೆಯಿಂದ ಅಲ್ಲೇ ಇತ್ತಂತೆ! ಬಸ್ಸು ಹೋಗಿಯಾಗಿತ್ತು. ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಇಬ್ಬರ ಊಟ ಆಗುತ್ತಿತ್ತು. ಬೆಳಿಗ್ಗೆ ಇಳಿದಾಗೊಮ್ಮೆ, ಮಧ್ಯಾಹ್ನ ಊಟದ ಮುಂಚೆ ಒಮ್ಮೆ, ಹಡಗು ಹೊರಡುವ ಬಂದರು ಯಾವುದು ಅಂತ ಕೇಳಿಕೊಳ್ಳಿ. ಬಸ್ಸುಗಳನ್ನು ಹಡಗು ಕಟ್ಟುವ ಬಂದರಿಗೆ ಹೊಂದಿಸಿಯೇ ಬಿಡುತ್ತಾರೆ, ಅದಕ್ಕೇ ಕಾರು ಬೇಡ ಅಂದಿದ್ದು. ಅರ್ಧ ನಿದ್ದೆಯಲ್ಲಿ ಬೆಟ್ಟದ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿಯುವುದೂ ಒಳ್ಳೆಯದಲ್ಲ.

ಇಳಿದ ಮೇಲೆ ಮೊದಲು ಬೆಟ್ಟ, ಮಿಕ್ಕಿದ್ದೆಲ್ಲ ಆಮೇಲೆ. ಮಿಹಾರಾ ಬೆಟ್ಟ 758 ಮೀಟರ್, ಆದರೆ ಬಸ್ಸು ಹೊರಗಿನ ದೊಡ್ಡ ಕುಳಿಯ ಅಂಚಿನವರೆಗೂ ಒಯ್ಯುತ್ತದೆ. ಅಲ್ಲಿಂದ ತುದಿಗೆ ಸುಮಾರು ಎರಡು ಕಿಲೋಮೀಟರ್ ಒಳ್ಳೆಯ ದಾರಿ, ಮುಕ್ಕಾಲು ಗಂಟೆ. ದಾರಿಬದಿಯಲ್ಲಿ ಕಾಂಕ್ರೀಟಿನ ಗೂಡುಗಳು ಕಾಣುತ್ತವೆ. ಮಳೆಗೆ ನಿಲ್ಲಲು ಕಟ್ಟಿದ್ದು ಅಂದುಕೊಂಡಿದ್ದೆ, ಅಲ್ಲ, ಬೆಟ್ಟ ಕಲ್ಲು ಉಗುಳಿದರೆ ಒಳಗೆ ನುಗ್ಗಲು. 1986ರ ನವೆಂಬರ್‌ನಲ್ಲಿ ನೆಲವೇ ಸೀಳಿ ಬೆಂಕಿ ಎದ್ದಾಗ ದ್ವೀಪದ ಸುಮಾರು 10,000 ಜನರನ್ನು ಒಂದೇ ರಾತ್ರಿಯಲ್ಲಿ ಹಡಗು ಹತ್ತಿಸಿ ಸಾಗಿಸಿದರು. ಅವರು ಮನೆಗೆ ಮರಳಿದ್ದು ಸುಮಾರು ತಿಂಗಳ ಮೇಲೆ. ಆಗ ಹರಿದ ಲಾವಾ ತುದಿಯಲ್ಲಿರುವ ಮಿಹಾರಾ ದೇಗುಲದ ಹತ್ತಿರಕ್ಕೆ ಬಂದು, ಎರಡಾಗಿ ಕವಲೊಡೆದು, ಗುಡಿಯನ್ನು ಮುಟ್ಟದೆ ಕೆಳಗಿಳಿದಿದೆ. ಕರಿ ಕಲ್ಲಿನ ಗೋಡೆ, ಅದರ ಪಕ್ಕಕ್ಕೇ ಪುಟ್ಟ ಗುಡಿ. ಆ ಕಲ್ಲು ಮುಟ್ಟಿ ನೋಡಿ, ಒಡೆದ ಗಾಜಿನಷ್ಟೇ ಚೂಪು. ಇದು ರಾಷ್ಟ್ರೀಯ ಉದ್ಯಾನ, ನೆನಪಿಗೆ ಅಂತ ಜೇಬಿಗೆ ಹಾಕಬೇಡಿ.

ತುದಿಯಲ್ಲಿರುವ ಒಳಗಿನ ಕುಳಿಯ ಸುತ್ತ ಇನ್ನೊಂದು ಎರಡೂವರೆ ಕಿಲೋಮೀಟರ್ ಸುತ್ತು, ಬಿಡಬೇಡಿ. ಅಲ್ಲಲ್ಲಿ ನೆಲದಿಂದ ಹಬೆ ಏಳುತ್ತದೆ, ಕೈ ಒಡ್ಡಿದರೆ ಬೆಚ್ಚಗೆ. ಗಾಳಿ ಮಾತ್ರ ವಿಪರೀತ, ಬೇಸಿಗೆಯಲ್ಲೂ ಜಾಕೆಟ್ ಬೇಕು. ಮಂಜು ಕವಿದಿದ್ದರೆ ಸುತ್ತು ಹಾಕಬೇಡಿ, ಏನೂ ಕಾಣುವುದಿಲ್ಲ. ನೀರು ಕೆಳಗಿಂದಲೇ ತುಂಬಿಸಿಕೊಳ್ಳಿ. ಕರಿ ಹರಳು ಶೂ ಒಳಗೆ ಸೇರಿ ಜೀವ ತಿನ್ನುತ್ತದೆ, ಪಾದ ಪೂರ್ತಿ ಮುಚ್ಚುವ ಶೂ ಹಾಕಿ. ಹೊರಡುವ ಮುಂಚೆ ಜಪಾನ್ ಹವಾಮಾನ ಇಲಾಖೆಯ ಜ್ವಾಲಾಮುಖಿ ಎಚ್ಚರಿಕೆ ಮಟ್ಟವನ್ನೂ ನೋಡಿಕೊಳ್ಳಿ, 1 ಇದ್ದರೆ ಮಾಮೂಲು.

ಸಮಯ ಮಿಕ್ಕರೆ ಮೊತೊಮಾಚಿಯಿಂದ ದಕ್ಷಿಣದ ಹಾಬು ಊರಿನ ಕಡೆಯ ಬಸ್ಸು ಹತ್ತಿ ಮಣ್ಣಿನ ಪದರಗಳ ಗೋಡೆಯ ಹತ್ತಿರ ಇಳಿಯಿರಿ. ರಸ್ತೆ ಮಾಡಲು ಗುಡ್ಡ ಕಡಿದಾಗ ಹೊರಬಿದ್ದದ್ದು. 600 ಮೀಟರ್ ಉದ್ದಕ್ಕೆ ಪಟ್ಟೆ ಪಟ್ಟೆಯಾಗಿ ಅಲೆಯಂತೆ ಏರಿಳಿಯುತ್ತದೆ, ಅದಕ್ಕೇ ಜನ ಬೌಮ್‌ಕೂಹೆನ್ ಅನ್ನುವ ಪದರ ಪದರದ ಕೇಕಿನ ಹೆಸರಿನಿಂದ ಕರೆಯುತ್ತಾರೆ. ಭೂಮಿ ಅದುಮಿ ಮಡಿಸಿದ್ದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಒಂದೊಂದು ಸ್ಫೋಟದ ಬೂದಿಯೂ ಆಗಿದ್ದ ಉಬ್ಬುತಗ್ಗಿನ ಮೇಲೆ ಹಿಮದ ಹಾಗೆ ಬಿದ್ದು ಕೂತಿದೆ. ಕೆಳಗಿನ ನೆಲದ ಆಕಾರವೇ ಮೇಲಿನ ಪದರಕ್ಕೂ ಬಂದಿದೆ. ಹಾಬುವರೆಗೂ ಹೋದರೆ ಅದೂ ಒಂದು ಹಳೇ ಕುಳಿಯೇ. ಕೆರೆಯಾಗಿದ್ದದ್ದು 1703ರ ಸುನಾಮಿಗೆ ದಡ ಒಡೆದು ಸಮುದ್ರ ಸೇರಿತು, ಈಗ ಅಲ್ಲಿ ದೋಣಿಗಳು ನಿಲ್ಲುತ್ತವೆ. ಒಂದೇ ದಿನದ ಪ್ಲಾನ್ ಆದರೆ ಹಾಬು ಬಿಟ್ಟುಬಿಡಿ.

ಊಟಕ್ಕೆ ಅಶಿತಾಬಾ ಟೆಂಪುರಾ ಕೇಳಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು, ನಮ್ಮ ಬಜ್ಜಿಯ ಹಾಗೆ. ಅಶಿತಾಬಾ ಅಂದರೆ ಇವತ್ತು ಚಿವುಟಿದರೆ ನಾಳೆ ಚಿಗುರುತ್ತದೆ ಅನ್ನುವ ಸೊಪ್ಪು, ಸ್ವಲ್ಪ ಕಹಿ. ಸಸ್ಯಾಹಾರಿಗಳಾದರೆ ಅದ್ದಿಕೊಳ್ಳುವ ಸಾರಿನಲ್ಲಿ ಮೀನಿರುತ್ತದೆ, ಉಪ್ಪು ಸಾಕು ಅನ್ನಿ. ಬೆಳಗಿನ ತಿಂಡಿಯನ್ನು ಮಾತ್ರ ಹಮಾಮಾತ್ಸುಚೊದಲ್ಲೇ ಕಟ್ಟಿಸಿಕೊಳ್ಳಿ, ಆ ಹೊತ್ತಿಗೆ ದ್ವೀಪ ಇನ್ನೂ ಮಲಗಿರುತ್ತದೆ.

ಮಧ್ಯಾಹ್ನ ಎರಡೂವರೆಯ ಸುಮಾರಿಗೆ ದೊಡ್ಡ ಹಡಗು ವಾಪಸ್ ಹೊರಡುತ್ತದೆ. ಶನಿವಾರ ರಾತ್ರಿ ಮನೆ, ಭಾನುವಾರ ಕಾಲು ನೋವಿಗೆ. ಹಡಗು, ಬಸ್ಸು, ಊಟ ಎಲ್ಲ ಸೇರಿ ನನಗೆ ತಲೆಗೆ 20,000 ಯೆನ್ ದಾಟಿಲ್ಲ. ಇಂಧನದ ಮೇಲ್ದರ ಆಗಾಗ ಬದಲಾಗುವುದರಿಂದ ಟಿಕೆಟ್ ದರ ನೀವೇ ನೋಡಿಕೊಳ್ಳಿ, ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ರಿಯಾಯಿತಿ ಇರುತ್ತದೆ. ಉಳಿಯಲೇಬೇಕೆಂದರೆ ದಕ್ಷಿಣದ ತುದಿಯಲ್ಲಿ ತೋಶಿಕಿ ಕ್ಯಾಂಪ್ ಇದೆ, ಮೊದಲೇ ಅರ್ಜಿ ಹಾಕಬೇಕು.

ಮನೆಯವರಿಗೆ ಹಡಗು ಆಗಿಬರುವುದಿಲ್ಲ ಅಂದಿದ್ದೀರಿ. ಹೋಗುವಾಗ ಹತ್ತುವ ಮುಂಚೆಯೇ ಮಾತ್ರೆ ಕೊಟ್ಟು ಮಲಗಿಸಿ. ಬರುವಾಗ ಜೆಟ್‌ಫಾಯಿಲ್ ಅನ್ನುವ ವೇಗದ ಹಡಗು ತಗೊಳ್ಳಿ, ದರ ಜಾಸ್ತಿ. ಆದರೆ ಅದು ನೀರಿನಿಂದ ಮೇಲೆದ್ದು ರೆಕ್ಕೆಯ ಮೇಲೆ ಓಡುವುದರಿಂದ ಅಷ್ಟಾಗಿ ತೂಗಾಡುವುದಿಲ್ಲ, ಒಂದೂಮುಕ್ಕಾಲು ಗಂಟೆಗೆ ತಕೇಶಿಬಾ. ಅದೂ ಒಕಾತಾದಿಂದಲೋ ಮೊತೊಮಾಚಿಯಿಂದಲೋ, ಬೋರ್ಡ್ ನೋಡಿ ಹೊರಡಿ.