ಲೆಕ್ಸ್ ಗೌರವ ಸಂಘದ ಸದಸ್ಯತ್ವಕ್ಕಾಗಿ ಜಿಪಿಎ (ಸರಾಸರಿ ಗ್ರೇಡ್) ಉಳಿಸಿಕೊಳ್ಳಲು ಇಂಟರ್ನ್‌ಶಿಪ್ ಬಿಡಬಹುದಾ?

ಬಿಡಬೇಡಿ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು, ನಾನು ಮಾಡಿದ್ದೂ ಅದನ್ನೇ.

ಬಿಕಾಂ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದವಳು ನಾನು. ಇಎಡಿ, ಅಂದರೆ ಕೆಲಸ ಮಾಡುವ ಅನುಮತಿ ಪತ್ರ, ಸಿಕ್ಕ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕರ) ಕೋರ್ಸ್ ಸೇರಿದೆ. ಲ್ಯಾಂಬ್ಡಾ ಎಪ್ಸಿಲಾನ್ ಕೈ, ಅಂದರೆ ಲೆಕ್ಸ್, ಚೆನ್ನಾಗಿ ಓದುವ ಪ್ಯಾರಾಲೀಗಲ್ ವಿದ್ಯಾರ್ಥಿಗಳ ಗೌರವ ಸಂಘ; ಅದಕ್ಕೆ ಸೇರಲು ಒಟ್ಟು ಜಿಪಿಎ 3.25 ಇರಬೇಕು, ಪ್ಯಾರಾಲೀಗಲ್ ವಿಷಯಗಳಲ್ಲಿ 3.5. ರ‍್ಯಾಂಕ್ ಬಂದವರನ್ನೇ ಮೆಚ್ಚುವ ಮನೆಯಲ್ಲಿ ಬೆಳೆದ ನನಗೆ ಆ 3.5 ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ಚಿಕ್ಕ ವಕೀಲರ ಆಫೀಸಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು, ಓದಿಗೆ ಅಡ್ಡಿಯಾಗುತ್ತೆ ಅಂತ ಬೇಡ ಅಂದುಬಿಟ್ಟೆ. ಲೆಕ್ಸ್ ಸರ್ಟಿಫಿಕೇಟ್ ಬಂತು, ಮನೆಯವರೆಲ್ಲ ಖುಷಿಪಟ್ಟರು.

ಆಮೇಲೆ ಇಂಟರ್ವ್ಯೂ. ವಕೀಲರು ಎದುರು ಪಕ್ಷದವರ ಲಿಖಿತ ಪ್ರಶ್ನೆಗಳ ಕಟ್ಟೊಂದನ್ನು ನನ್ನ ಮುಂದಿಟ್ಟು, ಉತ್ತರ ಯಾವ ತಾರೀಖಿನೊಳಗೆ ಹೋಗಬೇಕು ಅಂದರು. ಫೆಡರಲ್ ಕೋರ್ಟಿನ ಕೇಸು, 30 ದಿನ ಅಂತ ಬಾಯಿಪಾಠವಿತ್ತು; ಮೊದಲ ಪುಟದ ತಾರೀಖಿನಿಂದ ಎಣಿಸಿ ಹೇಳಿದೆ. ಅವರು ಸುಮ್ಮನೆ ಕೊನೆಯ ಪುಟ ತೆರೆದು ತೋರಿಸಿದರು. ಕಾಗದ ಯಾವತ್ತು, ಹೇಗೆ ಕಳಿಸಿದರು ಅನ್ನೋದು ಅಲ್ಲಿತ್ತು. ಮೊದಲ ಪುಟದ ತಾರೀಖಿಗಿಂತ ಎರಡು ದಿನ ತಡವಾಗಿ, ಅದೂ ಅಂಚೆಯಲ್ಲಿ. ಎಣಿಸಬೇಕಾದ್ದು ಕಳಿಸಿದ ದಿನದಿಂದ. ಅಂಚೆಗೆ ಇನ್ನೂ 3 ದಿನ ಸೇರುತ್ತೆ, ಕೊನೆಯ ದಿನ ಶನಿವಾರ ಭಾನುವಾರ ಬಿದ್ದರೆ ಸೋಮವಾರಕ್ಕೆ ಹೋಗುತ್ತೆ. ಈ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಗೊಂಡಿದ್ದೆ. ಆದರೆ ಆಫೀಸಿನಲ್ಲಿ ಕೂತು ಕೆಲಸ ಮಾಡಿದವರು ಮೊದಲು ತೆಗೆಯೋದೇ ಕೊನೆಯ ಪುಟ. ಆ ಅಭ್ಯಾಸ ಕಲಿಯಬಹುದಾಗಿದ್ದ ಜಾಗಕ್ಕೆ ನಾನೇ ಬೇಡ ಅಂದಿದ್ದೆ. ಕೆಲಸ ಬೇರೆಯವರಿಗೆ ಹೋಯಿತು. ನಾನು ಬಹಳ ಕಾಲ ರಿಸೆಪ್ಷನ್‌ನಲ್ಲಿ ಫೋನ್ ಎತ್ತಿಕೊಂಡಿದ್ದೆ.

ಲೆಕ್ಸ್ ದುಡ್ಡು ಕೀಳುವ ಸಂಸ್ಥೆಯಲ್ಲ. ಅಮೆರಿಕನ್ ಅಸೋಸಿಯೇಷನ್ ಫಾರ್ ಪ್ಯಾರಾಲೀಗಲ್ ಎಜುಕೇಷನ್ ನಡೆಸುತ್ತೆ, ಅದರ ಸದಸ್ಯ ಕಾಲೇಜುಗಳಲ್ಲೇ ಶಾಖೆ ಇರುತ್ತೆ. ಅಂಕ ಬಂದರೆ ಸೇರಿ, ಅವರ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿ. ಆದರೆ ಕೆಲಸ ಅದರಿಂದ ಸಿಗೋದಿಲ್ಲ. ಮುಂದೆ ಡಿಗ್ರಿ ಓದುವ ಯೋಚನೆಯಿದ್ದರೆ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳ ಗೌರವ ಸಂಘ ಫೈ ಥೀಟಾ ಕಪ್ಪಾ ಹೆಚ್ಚು ಉಪಯೋಗ, ಅದರ ಸದಸ್ಯರಿಗೇ ಅಂತ ಎಷ್ಟೋ ಯೂನಿವರ್ಸಿಟಿಗಳು ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ ಇಟ್ಟಿವೆ. ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಮೊದಲು ಪ್ಯಾರಾಲೀಗಲ್‌ಗಳ ಸಂಘ ನಾಲಾ ನಡೆಸುವ ಸರ್ಟಿಫೈಡ್ ಪ್ಯಾರಾಲೀಗಲ್ ಪರೀಕ್ಷೆಗೆ ಎತ್ತಿಡಿ.

ಇಂಟರ್ನ್‌ಶಿಪ್ ಕೊಟ್ಟವರಿಗೆ ಇವತ್ತೇ ಒಪ್ಪಿಗೆ ಬರೆದು ಕಳಿಸಿ.